ಹೂ ಕಟ್ಟುವ ಕೈಗೆ ಕೋಳಿಪುಕ್ಕ

ಮೊನ್ನೆ ಬೆಳಿಗ್ಗೆ ಕುಪ್ಪಸಕ್ಕೆ ಗುಂಡಿ ಹಚ್ಚಲು ಸೂಜಿ ಹುಡುಕುತ್ತ ಹಳೆಯ ಬಿಸ್ಕತ್ತಿನ ಡಬ್ಬಿಗೆ ಕೈ ಹಾಕಿದೆ. ಏನೋ ಚುರುಕ್ಕನೆ ಚುಚ್ಚಿತು. ತೆಗೆದು ನೋಡಿದರೆ ಕಿರುಬೆರಳುದ್ದದ ಮೀನುಗಾಳ. ಮೈಗೆ ಸುತ್ತಿದ ಜರಿ ಕಪ್ಪಾಗಿದೆ, ಕೆಂಪು ಪುಕ್ಕವನ್ನು ಹುಳ ಅರ್ಧ ತಿಂದಿದೆ. ಜೇನುಮೇಣ, ಕೋಳಿಪುಕ್ಕ ಎರಡೂ ಕೂಡಿದ ಆ ಮುಗ್ಗಲು ವಾಸನೆ ಮಾತ್ರ ಇನ್ನೂ ಹಾಗೇ ಇದೆ. ಬೆಳ್ಳುಳ್ಳಿ ತಿನ್ನಲೂ ಹಿಂದೆಮುಂದೆ ನೋಡುವ ಮುದುಕಿಯ ಡಬ್ಬಿಯಲ್ಲಿ ಇದೇಕೆ ಎಂದು ಸೊಸೆ ಕೇಳಿದಳು. ಹೂವಿನಕ್ಕ ಕೊಟ್ಟಿದ್ದು ಎಂದೆ. ಅವಳಿಗೆ ಏನು ಅರ್ಥವಾಗಬೇಕು...

ನಾನು ಬಿಳಿಚೋಡಿನಿಂದ ಚನ್ನಗಿರಿಗೆ ಸೊಸೆಯಾಗಿ ಬಂದಾಗ ಎರಡನೆಯ ಮಹಾಯುದ್ಧದ ಕಾಲ. ನಮ್ಮ ಪಕ್ಕದ ಮನೆಯೇ ಹೂವಿನಕ್ಕನದು. ಗಂಡ ತೀರಿಕೊಂಡ ಮೇಲೂ ಬೀದಿಯ ಈಶ್ವರನ ಗುಡಿಗೆ ದಿನಾ ಮಾಲೆ ಕಟ್ಟಿಕೊಡುವ ಸೇವೆಯನ್ನು ಆಕೆ ಒಬ್ಬಳೇ ನಡೆಸುತ್ತಿದ್ದಳು. ಆ ಸೇವೆ ಇರುವ ತನಕ ಗುಡಿಯ ಹೂದೋಟವೂ ಅವಳದು, ಇದ್ದ ಮನೆಯೂ ಅವಳದು. ಸೇವೆ ತಪ್ಪಿತೋ, ಎರಡೂ ಹೋದಂತೆ. ಎಡಗೈ ಬೆರಳ ಸಂದಿಯಲ್ಲಿ ಹೂವಿಟ್ಟು, ನೆನೆಸಿದ ಬಾಳೆನಾರಿನ ಕುಣಿಕೆ ಹಾಕಿ ಎಳೆದಳೆಂದರೆ ಹೂವಿನ ತೊಟ್ಟು ನಲುಗುತ್ತಿರಲಿಲ್ಲ, ಗಂಟೂ ಜಾರುತ್ತಿರಲಿಲ್ಲ. ನನಗೆ ಹೂ ಕಟ್ಟುವುದನ್ನು ಕಲಿಸಿದವಳೂ ಅವಳೇ.

ಆ ಸೇವೆ ಯಾರಿಗೆ ಎಂದು ತೀರ್ಮಾನಿಸುವ ಅಧಿಕಾರಿ ಒಬ್ಬರಿದ್ದರು. ಊರವರ ಬಾಯಲ್ಲಿ ಬರೀ ಸಾಹೇಬರು. ನಮ್ಮವರೇ, ಹಣೆ ತುಂಬ ವಿಭೂತಿ. ಆದರೆ ಮೀನು ಹಿಡಿಯುವ ಹುಚ್ಚನ್ನು ಬಿಳಿಯರಿಂದ ಕಲಿತಿದ್ದರು. ತಿನ್ನುವುದಕ್ಕಲ್ಲವಂತೆ, ಷೋಕಿಗಂತೆ. ಭಾನುವಾರ ಬಂತೆಂದರೆ ಸೂಳೆಕೆರೆಗೆ ಹೋಗಿ, ಇಬ್ಬರ ಕೈಲಿ ದೋಣಿ ಹುಟ್ಟು ಹಾಕಿಸುತ್ತ, ದೊಡ್ಡ ಮೀನು ಮರಿಮೀನೆಂದು ಬಾಯಿ ಹಾಕಲಿ ಎಂದು ಹಿಂದೆ ನೀರಿನಲ್ಲಿ ಪುಕ್ಕ ಕಟ್ಟಿದ ಗಾಳ ಎಳೆದುಕೊಂಡು ಸುತ್ತುವುದು. ಎರೆಹುಳ ಮುಟ್ಟಿದರೆ ಮೈಲಿಗೆ, ಪುಕ್ಕದ ಗಾಳವಾದರೆ ಮಡಿ ಎಂದು ಯಾವ ಶಾಸ್ತ್ರದಲ್ಲಿ ಓದಿದ್ದರೋ! ‘ಹೇಳೋದು ಶಾಸ್ತ್ರ, ಹಾಕೋದು ಗಾಳ’ ಎಂಬ ಗಾದೆ ಅವರನ್ನು ನೋಡಿಯೇ ಹುಟ್ಟಿರಬೇಕು.

ಯುದ್ಧ ಬಂದು ಬಿಳಿಯರ ಸೀಮೆಯಿಂದ ಬರುತ್ತಿದ್ದ ಆ ಪುಕ್ಕದ ಗಾಳಗಳ ಪಾರ್ಸೆಲ್ ನಿಂತಿತು. ಸಾಹೇಬರು ಹೆಂಡತಿಯ ಜಡೆಯಲ್ಲಿದ್ದ ದಂಡೆಯ ಗಂಟು ನೋಡಿದರು, ಕಟ್ಟಿದವರು ಯಾರೆಂದು ಕೇಳಿದರು. ಮಾರನೆಯ ದಿನವೇ ಜವಾನನ ಕೈಲಿ ಬರಿಗಾಳಗಳ ಪೆಟ್ಟಿಗೆ, ರೇಷ್ಮೆ ದಾರ, ಮಾದರಿಗೆ ಒಂದು ಹಳೆಯ ಗಾಳ ಹೂವಿನಕ್ಕನ ಮನೆಗೆ ಬಂದವು. ಆಗುವುದಿಲ್ಲ ಎನ್ನಲು ಅವಳಿಗೆ ಎಲ್ಲಿತ್ತು ದಾರಿ?

ಮೊಟ್ಟೆಯ ಹೆಸರೂ ಎತ್ತದ ಮನೆ ಅದು. ಮೊದಲ ದಿನ ಮೂಗಿಗೆ ಸೆರಗು ಕಟ್ಟಿಕೊಂಡು ಹಿತ್ತಿಲಲ್ಲಿ ಕೂತಳು, ಎರಡು ಸಲ ಎದ್ದು ಹೋಗಿ ವಾಂತಿ ಮಾಡಿದಳು. ಗೋಡೆಯ ಈಚೆ ನಿಂತು ನೋಡುತ್ತಿದ್ದ ನಾನೂ ಮೂಗಿಗೆ ಸೆರಗು ಹಿಡಿದೆ. ಹುಂಜದ ಕುತ್ತಿಗೆಯ ಪುಕ್ಕದ ಬುಡದಲ್ಲಿ ಒಣಗಿದ ರಕ್ತ ಅಂಟಿರುತ್ತಿತ್ತು. ಜಗಳೂರು ಕಡೆಯಿಂದ ತರಿಸಿದ ಮೇಕೆ ಕೂದಲಿಗೆ ಹೋತದ ನಾತ. ಗಾಳದ ಉದ್ದನೆಯ ಕಡ್ಡಿಗೆ ತನ್ನ ಮದುವೆ ಸೀರೆಯ ಅಂಚಿನಿಂದ ಬಿಚ್ಚಿದ ಜರಿ ಸುತ್ತಿ, ಮೇಲೆ ಮೇಕೆ ಕೂದಲು ಕಟ್ಟಿ, ಎರಡು ಪಕ್ಕಕ್ಕೂ ಪುಕ್ಕ ಕೂರಿಸಿ, ಮೇಣ ಸವರಿದ ದಾರದಿಂದ ಬಿಗಿಯುತ್ತಿದ್ದಳು. ಅದನ್ನು ಕಲ್ಲುಬಾನಿಯ ನೀರಿನಲ್ಲಿ ಎಳೆದರೆ, ಅಯ್ಯೋ, ಮರಿಮೀನೇ! ಪುಕ್ಕ ಮುಚ್ಚಿ ತೆರೆದು ಉಸಿರಾಡುತ್ತಿತ್ತು. ಅಸಹ್ಯಪಟ್ಟುಕೊಂಡೇ ಬೆರಗಾಗುತ್ತಿದ್ದೆ. ಕೆಲಸ ಮುಗಿದ ಮೇಲೆ ಆಕೆ ತಲೆಗೆ ನೀರು ಹಾಕಿಕೊಂಡು, ಬೆರಳುಗಳನ್ನು ಸೀಗೆಪುಡಿಯಲ್ಲಿ ಉಜ್ಜಿ ಉಜ್ಜಿ ಕೆಂಪಾಗಿಸಿಕೊಂಡು, ಮಾರನೆಯ ಬೆಳಗಿನ ತನಕ ಹೂವು ಮುಟ್ಟುತ್ತಿರಲಿಲ್ಲ. ಊರಿಗೆಲ್ಲ ಇದು ಗೊತ್ತಿತ್ತು. ಸಾಹೇಬರ ಕೆಲಸವಾದ್ದರಿಂದ ಗೊತ್ತಿಲ್ಲದವರಂತೆ ಇದ್ದರು, ಅಷ್ಟೆ.

ಒಂದು ಭಾನುವಾರಕ್ಕೆ ಸಾಹೇಬರಿಗೆ ದೊಡ್ಡ ಅತಿಥಿ ಬರುವವರಿದ್ದರು. ಹಿಂದಿನ ದಿನ ರೇಷ್ಮೆ ದಾರ ಮುಗಿದುಹೋಯಿತು. ಕೊನೆಯ ಗಾಳಕ್ಕೆ ಅವಳು ಬಾಳೆನಾರನ್ನೇ ಕೂದಲಂತೆ ಸೀಳಿ ಸುತ್ತಿದಳು. ಹೂ ಕಟ್ಟುವವರು ಗೇಣುದ್ದದ ನಾರನ್ನೂ ಎಸೆಯುವುದಿಲ್ಲ. ಉಳಿದದ್ದನ್ನು ಕೈ ತನ್ನಷ್ಟಕ್ಕೆ ತಾನೇ ಒದ್ದೆಬಟ್ಟೆಯ ನಾರಿನ ಗಂಟಿಗೆ ಸೇರಿಸಿಬಿಟ್ಟಿತು. ಅದಕ್ಕೆ ಅಂಟಿದ್ದ ಪುಕ್ಕದ ಎಳೆ ಸೋಮವಾರ ನಸುಕಿನಲ್ಲಿ ಮಾಲೆ ಕಟ್ಟುವಾಗ ಕೆಂಪು ಕಣಗಿಲೆಯ ನಡುವೆ ಅವಳ ಕಣ್ಣಿಗೆ ಬೀಳಲಿಲ್ಲ.

ನನ್ನ ಕಣ್ಣಿಗೆ ಬಿತ್ತು. ಆ ಸೋಮವಾರದ ಪೂಜೆ ನಮ್ಮ ಮನೆಯದು. ಗುಡಿಯಲ್ಲಿ ಬಾಳೆಲೆ ಬಿಚ್ಚಿ ಮಾಲೆ ಎತ್ತಿದವಳು ನಾನು. ಎರಡು ಬೆರಳಲ್ಲಿ ಆ ಎಳೆಯನ್ನು ಚಿವುಟಿ ಬಿಸಾಡಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಬದಲಿಗೆ ಹಾವು ಕಂಡವಳಂತೆ ಮಾಲೆ ಕೊಡವಿ ಚೀರಿದೆ.

“ಥೂ! ಕೋಳಿಪುಕ್ಕ! ಹೂವಿನಾಗೆ ಕೋಳಿಪುಕ್ಕ ಐತೆ!”

ವಾರ ಕಳೆಯುವುದರೊಳಗೆ ಸಾಹೇಬರು ವಿಚಾರಣೆಗೆ ಬಂದು ಗುಡಿಯ ಜಗಲಿಯ ಮೇಲೆ ಕೂತರು. ಮಂಡಿಯ ಮೇಲೆ ಟೋಪಿ. ಟೋಪಿಯ ಪಟ್ಟಿಗೆ ಸಿಕ್ಕಿಸಿದ್ದ ಗಾಳದಲ್ಲಿ ಕೆಂಪು ಪುಕ್ಕ, ಬಿಳಿ ಕೂದಲು, ಹೂವಿನಕ್ಕನ ಮದುವೆ ಸೀರೆಯ ಜರಿ. ಬಿಸಿಲಿಗೆ ಪಳಪಳ ಅನ್ನುತ್ತಿತ್ತು. ಅದನ್ನು ತೆಗೆದಿಟ್ಟು ಬರುವಷ್ಟು ನಾಚಿಕೆಯೂ ಆ ಮನುಷ್ಯನಿಗೆ ಇರಲಿಲ್ಲ.

“ಶಿವನ ತಲೆ ಮೇಲೆ ಕೋಳಿಪುಕ್ಕ ಇಡೋರಿಗೆ ಸೇವೆ ಹೇಗಮ್ಮ ಕೊಡೋದು?” ಎಂದರು.

ಹೂವಿನಕ್ಕ ಟೋಪಿಯನ್ನೇ ನೋಡುತ್ತ ನಿಂತಿದ್ದಳು. ಸುತ್ತ ಇದ್ದವರೂ ನೋಡುತ್ತಿದ್ದರು.

“ನಂದೇ ತಪ್ಪು ಸ್ವಾಮಿ. ಆ ನಾರು ಎತ್ತಿಡಾಕೆ ಹೋಗಬಾರದಿತ್ತು” ಎಂದಳು.

ಸೇವೆಯನ್ನು ಬೇರೆಯವರಿಗೆ ಕೊಟ್ಟಾಯಿತು. ಏಳುವಾಗ ಸಾಹೇಬರು ನಮ್ಮತ್ತೆಯ ಕಡೆ ತಿರುಗಿ, “ನಿಮ್ಮ ಸೊಸೆ ಕಣ್ಣು ಚುರುಕು ಕಣ್ರಮ್ಮ” ಎಂದರು. ಅತ್ತೆ ಬೀಗಿದರು. ನಾನೂ ಬೀಗಿದೆ. ಬರೆಯಲು ಈಗಲೂ ಹೇಸಿಗೆಯಾಗುತ್ತದೆ, ಆದರೆ ಬೀಗಿದ್ದು ನಿಜ.

ಆಕೆ ಮನೆ ಬಿಡುವ ದಿನ ಗೋವಿನಕೋವಿಯಿಂದ ಅವಳ ತಮ್ಮ ಗಾಡಿ ಕಟ್ಟಿಕೊಂಡು ಬಂದಿದ್ದ. ಪಾತ್ರೆಪಗಡ ಏರಿಸುತ್ತಿರುವಾಗಲೇ ಜವಾನ ಬಂದ, ಕೈಯಲ್ಲಿ ಅದೇ ಪೆಟ್ಟಿಗೆ.

“ಸಾಹೇಬ್ರು ಭಾನುವಾರಕ್ಕೆ ಇನ್ನೂ ಆರು ಗಾಳ ಬೇಕು ಅಂದಾರೆ, ಅಕ್ಕಾರೆ.”

ಥೂ, ಇದೆಂಥ ಜನ್ಮ! ಹೂವಿನಕ್ಕ ಮಾತ್ರ ಕೂಗಾಡಲಿಲ್ಲ. “ಹೂ ಕಟ್ಟಾಕೆ ಬ್ಯಾಡಾದ ಕೈ ಪುಕ್ಕ ಕಟ್ಟಾಕೂ ಬ್ಯಾಡ ಅಂತ ಹೇಳಪ್ಪ” ಎಂದು ಪೆಟ್ಟಿಗೆಯನ್ನು ಅವನ ಕೈಗೇ ಇಟ್ಟಳು.

ಆಮೇಲೆ ನನ್ನ ಹತ್ತಿರ ಬಂದು ಸೆರಗಿನ ಗಂಟು ಬಿಚ್ಚಿದಳು. “ಆವತ್ತು ನಾರಿನಾಗೆ ಕಟ್ಟಿದ್ದು ಇದೇ ತಂಗಿ. ಬಿಗಿ ಸರಿ ಕೂತಿಲ್ಲ ಅಂತ ಸಾಹೇಬ್ರಿಗೆ ಕೊಡಲೇ ಇಲ್ಲ. ನೀನು ಇಟ್ಕ. ಮುಟ್ಟಾಕೆ ಹೇಸಿಗೆ ಆದ್ರೆ ಎಲೆಯಾಗೆ ಸುತ್ತಿ ಕೊಡ್ತೀನಿ.”

ಅದು ಪ್ರೀತಿಯೋ, ಚುಚ್ಚುಮಾತೋ... ಇಷ್ಟು ವರ್ಷವಾದರೂ ನನಗೆ ಬಗೆಹರಿದಿಲ್ಲ. ನಾನು ಎಲೆಯಲ್ಲಿ ಸುತ್ತಿಸಿಕೊಂಡೇ ತೆಗೆದುಕೊಂಡೆ. ಮತ್ತೆ ಅವಳನ್ನು ನೋಡಲಿಲ್ಲ. ಗೋವಿನಕೋವಿ ಏನು ಕಾಶಿಯೇ? ಹೋಗಬಹುದಿತ್ತು. ಇವತ್ತು ನಾಳೆ ಎನ್ನುತ್ತಿರುವಾಗಲೇ ಆಕೆ ತೀರಿಹೋದಳೆಂದು ಯಾರೋ ಹೇಳಿದರು.

ಮೊನ್ನೆ ಆ ಗಾಳದ ಕುತ್ತಿಗೆಯ ಬಾಳೆನಾರನ್ನು ಉಗುರಿನಿಂದ ಎಳೆದು ನೋಡಿದೆ. ಬಿಗಿ ಸರಿ ಕೂತಿಲ್ಲ ಅಂದಿದ್ದಳಲ್ಲ, ಒಂದು ಎಳೆಯೂ ಜಾರಲಿಲ್ಲ. ಗಾಳ ಚುಚ್ಚಿದ ಬೆರಳಿನಿಂದ ರಕ್ತ ಬರುತ್ತಿರುವುದು ಆಗ ಕಂಡಿತು. ಯೋಚಿಸದೆ ಬಾಯಿಗಿಟ್ಟುಕೊಂಡೆ.

“ಅತ್ತೆ, ಅದು ಕೋಳಿಪುಕ್ಕ ಮುಟ್ಟಿದ ಬೆರಳು!” ಎಂದು ಸೊಸೆ ಮುಖ ಕಿವುಚಿದಳು.

ನನಗೆ ಹೇಸಿಗೆ ಆಗಲಿಲ್ಲ. ಆಗಬೇಕಾಗಿದ್ದದ್ದು ಗುಡಿಯ ಜಗಲಿಯಲ್ಲಿ, ಆ ಟೋಪಿ ಕಂಡಾಗ. ಆಗ ನಾನು ನನ್ನ ಕಣ್ಣಿನ ಹೊಗಳಿಕೆ ಕೇಳುತ್ತ ನಿಂತಿದ್ದೆ.