ಪೆಟ್ರೋಲ್ ಟಾಕಿಗೆ ನಾನು ಹಾಕಿಸಿದ ಬೀಗ

ನಿಮ್ಮ ಅಜ್ಜ ತೀರಿಕೊಂಡ ಮೇಲೆ ಹಳೇ ಕಾರನ್ನು ಮಾರಿಬಿಡಬೇಕೆಂದು ಎಲ್ಲರೂ ಹೇಳಿದರು. ನಾನು ಮಾರಲಿಲ್ಲ. ಕಣ್ಣು ತೋರಿಸಲು ಆಗಾಗ ಶಿರಹಟ್ಟಿಯಿಂದ ಗದಗಿಗೆ ಹೋಗಬೇಕಿತ್ತು. ಬಸ್ಸಿನ ಗದ್ದಲದಲ್ಲಿ ಗಂಡಸರ ನಡುವೆ ನಿಲ್ಲಲು ನನಗೆ ಮೊದಲಿನಿಂದಲೂ ಮುಜುಗರ. ಕಾರಿನ ಜೊತೆ ಡ್ರೈವರನೂ ಉಳಿದ. ನೀವು ಕಾಕಾ ಎಂದು ಕರೆಯುವುದು ಅವನನ್ನೇ. ಅವನ ಮೇಲೆ ನಾನು ಒಮ್ಮೆ ಕಳ್ಳತನದ ಸಂಶಯ ಪಟ್ಟಿದ್ದೆ. ನಿಮ್ಮ ಅಪ್ಪ ಇದನ್ನು ನಿಮಗೆ ಹೇಳಿರಲಿಕ್ಕಿಲ್ಲ. ನಾನೇ ಹೇಳಬೇಕು.

ಶುರುವಾಗಿದ್ದು ಪೆಟ್ರೋಲ್ ಮುಳ್ಳಿನಿಂದ. ಶನಿವಾರ ಅರ್ಧಕ್ಕೆ ನಿಂತಿದ್ದ ಮುಳ್ಳು ಸೋಮವಾರ ಕೆಳಗಿಳಿದಿತ್ತು. ಕಾರು ಅಂಗಳ ಬಿಟ್ಟು ಹೋಗಿರಲಿಲ್ಲ. ಬಾಜೂ ಮನೆಯಾಕೆಗೆ ಹೇಳಿದೆ.

“ಪೈಪ್ ಹಾಕಿ ಎಳಕೊಂತಾರ್ರೀ ಈ ಡ್ರೈವರ್ ಮಂದಿ. ನೀವು ಒಳಗ ಕುಂತು ಜಪಾ ಮಾಡಕೋಂತ ಇರ್ರಿ” ಎಂದಳು.

ಅವನನ್ನೇ ಕೇಳಬಹುದಿತ್ತು. ನನಗೆ ಬಾಯಿ ಬರಲಿಲ್ಲ. ಬೆಟಗೇರಿಯ ಗಾಡಿ ರಿಪೇರಿ ಮೇಸ್ತ್ರಿಯ ಹತ್ತಿರ ಕಾರು ಹೋದಾಗ ಟಾಕಿಗೆ ಬೀಗದ ಮುಚ್ಚಳ ಹಾಕಿಸಿದೆ. ಓಣಿಯ ಕಳ್ಳರ ಕಾಟ ಎಂದು ಡ್ರೈವರನಿಗೆ ಸುಳ್ಳು ಹೇಳಿದೆ. ಮುಳ್ಳಿನ ವಿಷಯ ಕೇಳಿದ್ದಕ್ಕೆ ಮೇಸ್ತ್ರಿ ನಕ್ಕು, “ಹಳೇ ಗಾಡಿ ಮುಳ್ಳು ನಂಬಬ್ಯಾಡ್ರಿ ಅವ್ವಾರ, ಅದು ತನಗ ತಿಳದಂಗ ಹೇಳತೈತಿ” ಎಂದ. ಇವನೂ ಅವನ ಕಡೆಯವನೇ ಇರಬೇಕು ಎಂದುಕೊಂಡೆ.

ಮುಚ್ಚಳ ಸ್ವಲ್ಪ ಸಡಿಲವಿತ್ತು, ಪೆಟ್ರೋಲ್ ವಾಸನೆ ಬರುತ್ತಿತ್ತು. ವಾಸನೆ ಬರುವ ಸಂದಿಯಲ್ಲಿ ಪೈಪೂ ಹೋದೀತು ಎಂದು ನನ್ನ ದಡ್ಡ ಲೆಕ್ಕ. ಹಳೇ ಸೈಕಲ್ ಟ್ಯೂಬನ್ನು ಕತ್ತರಿಯಿಂದ ದುಂಡಗೆ ಕತ್ತರಿಸಿ ಮುಚ್ಚಳದ ಒಳಗೆ ಒತ್ತಿ ಕೂರಿಸಿದೆ. ಕೀಲಿ ನನ್ನ ಸೊಂಟದ ಸಂಚಿಗೆ ಸೇರಿತು. ಪೆಟ್ರೋಲ್ ಹಾಕಿಸುವಾಗ ನಾನೇ ಇಳಿದು ತೆಗೆಯುತ್ತಿದ್ದೆ, ಮುಚ್ಚಳವನ್ನು ಸೆರಗಿನೊಳಗೆ ಹಿಡಿದು ನಿಲ್ಲುತ್ತಿದ್ದೆ. ಆ ರಬ್ಬರನ್ನು ಯಾರೂ ನೋಡಲಿಲ್ಲ.

ಅಲ್ಲಿಂದ ಕಾರು ದಾರಿಯಲ್ಲಿ ನಿಲ್ಲತೊಡಗಿತು. ಗದಗಿನ ದಾರಿಯಲ್ಲಿ ನಾಗಾವಿ ಸಮೀಪಿಸುತ್ತಿದ್ದಂತೆ ಎರಡು ಸಲ ಮುಗ್ಗರಿಸಿ, ಕೆಮ್ಮಿ, ನಿಂತುಬಿಡುತ್ತಿತ್ತು. ಡ್ರೈವರ್ ಬಾನೆಟ್ ಎತ್ತಿ ನೋಡುತ್ತಿದ್ದ. “ಪೆಟ್ರೋಲ್ ಮ್ಯಾಲ ಬರವಲ್ದು ಅವ್ವಾರ. ಟಾಕಿ ನೋಡೋಣು, ಕೀಲಿ ಕೊಡ್ರಿ” ಎನ್ನುತ್ತಿದ್ದ. ಕೀಲಿ ಕೊಡದೆ ನಾನೇ ತೆಗೆಯುತ್ತಿದ್ದೆ. ಕಡ್ಡಿ ಇಳಿಬಿಟ್ಟರೆ ಪೆಟ್ರೋಲ್ ಇರುತ್ತಿತ್ತು. ಸ್ವಲ್ಪ ಹೊತ್ತು ಬಿಟ್ಟು ಚಾಲೂ ಮಾಡಿದರೆ ಕಾರು ಏನೂ ಆಗದಂತೆ ಹೊರಡುತ್ತಿತ್ತು.

ಮೇಸ್ತ್ರಿ ಪೆಟ್ರೋಲ್ ಸೋಸುವ ಫಿಲ್ಟರ್ ಬದಲಿಸಿದ, ಪಂಪು ಬಿಚ್ಚಿದ, ಕಾರ್ಬೊರೇಟರ್ ತೊಳೆದ. “ರೋಗನ ಇಲ್ರಿ. ದವಾಖಾನಿ ಕಂಡ ಕೂಡ್ಲೆ ಇದಕ್ಕ ಜ್ವರ ಬಿಡತಾವ” ಎಂದ.

ನಾನು ಬೇರೆಯೇ ಪತ್ತೆ ಹಚ್ಚಿದ್ದೆ. ನಾಗಾವಿಯಲ್ಲಿ ಡ್ರೈವರನ ತಂಗಿಯ ಮನೆ ಇತ್ತು. ಕಾರು ನಿಂತಾಗ ಅವನು ದಾರಿಹೋಕರ ಜೊತೆ ಮಾತಿಗಿಳಿಯುತ್ತಿದ್ದ. ಹತ್ತಿರದ ಲಕ್ಷ್ಮೇಶ್ವರಕ್ಕೆ ಹೋದರೆ ಕಾರು ಒಮ್ಮೆಯೂ ನಿಲ್ಲುತ್ತಿರಲಿಲ್ಲ. ಅಲ್ಲಿ ಅವನವರು ಯಾರೂ ಇರಲಿಲ್ಲ. ಕೀಲಿ ಕೈಗೆ ಸಿಗಲೆಂದು ಇಷ್ಟೆಲ್ಲ ನಾಟಕ ಎಂದು ನನಗೆ ಖಾತ್ರಿಯಾಯಿತು. ನಿಮ್ಮ ಅಪ್ಪನಿಗೆ ಫೋನ್ ಮಾಡಿ ಹೇಳಿದೆ.

“ರವಿವಾರ ಬರ್ತೀನಿ ಅವ್ವಾ. ಅವನ್ನ ಕೆಲಸಾ ಬಿಡಿಸಿಬಿಡೂನು” ಎಂದ.

ಆ ವಾರವೇ ಮುಂಡರಗಿಯ ನನ್ನ ಅಕ್ಕನನ್ನು ನೋಡಲು ಹೊರಟೆವು. ಅರ್ಧ ದಾರಿಯಲ್ಲಿ, ಸುತ್ತಲೂ ಸೂರ್ಯಕಾಂತಿ ಹೊಲ ಬಿಟ್ಟರೆ ಒಂದು ಮನೆಯೂ ಇಲ್ಲದ ಕಡೆ, ಕಾರು ನಿಂತಿತು. ನಾನು ಸುತ್ತ ನೋಡಿದೆ. ಇಲ್ಲಿ ಇವನಿಗೆ ಯಾರಿದ್ದಾರೆ? ಡ್ರೈವರ್ ಬಾನೆಟ್ ಕೂಡ ಎತ್ತಲಿಲ್ಲ. ಬೇವಿನ ನೆರಳಲ್ಲಿ ಕುಳಿತ.

“ರವಿವಾರ ಸಾಹೇಬ್ರು ಬರ್ತಾರಂತ. ನನ್ನ ಬಿಡಸಾಕ ಅಂತ, ಖರೇನ್ರಿ ಅವ್ವಾರ? ನೀವು ಫೋನಿನ್ಯಾಗ ಮಾತಾಡಿದ್ದು ಅಂಗಳಕ್ಕ ಕೇಳತೈತ್ರಿ.”

“ನನಗೇನ್ ಗೊತ್ತೋ ತಮ್ಮಾ” ಎಂದೆ. ನಾನು ಹಿಂದೆ ಹೋಗಿ ಮುಚ್ಚಳ ತೆಗೆದೆ. ಹುಸ್ ಎಂದು ಗಾಳಿ ಒಳಗೆ ನುಗ್ಗಿತು. ಹಿಂದೆಯೂ ಆ ಸದ್ದು ಕೇಳಿದ್ದೆ, ಲಕ್ಷ್ಯ ಕೊಟ್ಟಿರಲಿಲ್ಲ. ಕಾರು ಹೊರಟಿತು.

ಅಕ್ಕನ ಮನೆಯಲ್ಲಿ ಅವಳ ಸೊಸೆ ಶೇಂಗಾ ಎಣ್ಣೆಯ ಹೊಸ ಡಬ್ಬಿಗೆ ಮೊಳೆಯಿಂದ ಒಂದು ತೂತು ಹೊಡೆದು ಬಗ್ಗಿಸುತ್ತಿದ್ದಳು. ಎಣ್ಣೆ ಗುಳುಗುಳು ಎಂದು ಎರಡು ಸಲ ಬಿದ್ದು ನಿಂತಿತು. ಅಕ್ಕ ಮಂಚದ ಮೇಲಿಂದಲೇ ಕೂಗಿದಳು: “ಒಂದ ತೂತಿಗೆ ಎಣ್ಣಿ ಬರತೈತೇನ? ಗಾಳಿ ಹೋಗಾಕ ಇನ್ನೊಂದ ಹೊಡಿ! ನಿಮ್ಮವ್ವ ನಿನಗ ಬರೇ ಮೊಬೈಲ್ ಒತ್ತಾಕ ಕಲಿಸ್ಯಾಳ?”

ಸೊಸೆ ಎರಡನೇ ತೂತು ಹೊಡೆದಳು. ಎಣ್ಣೆ ಧಾರೆಯಾಗಿ ಇಳಿಯಿತು.

ಕೈಯಲ್ಲಿದ್ದ ಚಹಾ ಕಪ್ಪನ್ನು ಕೆಳಗಿಟ್ಟೆ. ಎದ್ದು ಕಾರಿನ ಹತ್ತಿರ ಹೋಗಿ ಮುಚ್ಚಳ ತೆಗೆದು ರಬ್ಬರಿನ ಅಂಚು ಎತ್ತಿ ನೋಡಿದೆ. ಅದರ ಒಳಮೈಯಲ್ಲಿ ಸಾಸಿವೆಯಷ್ಟು ಸಣ್ಣ ತೂತು. ನನ್ನ ರಬ್ಬರು ಅದರ ಮೇಲೆಯೇ ಕುಳಿತಿತ್ತು. ಪೆಟ್ರೋಲ್ ಕಡಿಮೆಯಾದಷ್ಟೂ ಟಾಕಿಗೆ ಗಾಳಿ ಬೇಕು. ಅದು ಸಿಗದೆ ಪಂಪು ಎಳೆದು ಎಳೆದು ಸೋಲುತ್ತಿತ್ತು. ಲಕ್ಷ್ಮೇಶ್ವರದಷ್ಟು ದೂರಕ್ಕೆ ಪಂಪು ತಾಳಿಕೊಳ್ಳುತ್ತಿತ್ತು, ನಾಗಾವಿಯಷ್ಟು ದೂರಕ್ಕೆ ತಾಳುತ್ತಿರಲಿಲ್ಲ. ಮುಚ್ಚಳ ತೆರೆದು ಅದನ್ನು ಸರಿಮಾಡುತ್ತಿದ್ದವಳೂ ನಾನೇ. ರಬ್ಬರನ್ನು ಕಿತ್ತು ಸೆರಗಿಗೆ ಗಂಟು ಹಾಕಿದೆ.

ಮರಳುವಾಗ ಕಾರು ಎಲ್ಲಿಯೂ ನಿಲ್ಲಲಿಲ್ಲ. ಮನೆ ಮುಟ್ಟಿದಾಗ ಡ್ರೈವರ್ ಸ್ಟಿಯರಿಂಗಿಗೆ ಕೈ ಮುಗಿದ. “ಇವತ್ತ ಇದಕ್ಕ ನನ್ನ ಮ್ಯಾಲ ಕರುಣಾ ಬಂತ್ರಿ.”

ಸುಮ್ಮನಿದ್ದುಬಿಡುವುದು ಸುಲಭವಿತ್ತು. ಕಾರು ತಾನಾಗಿ ಸರಿಹೋಯಿತು ಎನ್ನಬಹುದಿತ್ತು. ಆದರೆ ಕಳ್ಳ ಎಂಬ ಮಾತು ನಿಮ್ಮ ಅಪ್ಪನ ತಲೆಯಲ್ಲಿ ಹಾಗೇ ಉಳಿಯುತ್ತಿತ್ತು. ನಿಜ ಹೇಳುತ್ತೇನೆ, ಮೂರು ದಿನ ನಾನು ಬಾಯಿ ಬಿಡಲಿಲ್ಲ.

ರವಿವಾರ ನಿಮ್ಮ ಅಪ್ಪ ಬಂದ. ಡ್ರೈವರನನ್ನು ಕರೆದು, “ನೋಡಪಾ, ಇನ್ನ ಮ್ಯಾಲ...” ಎಂದು ಶುರು ಮಾಡಿದ. ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದೆ. ಹೊರಗೆ ಬಂದು ರಬ್ಬರನ್ನು ಮೇಜಿನ ಮೇಲಿಟ್ಟೆ. ಎಲ್ಲ ಹೇಳಿದೆ: ಬೀಗ ಯಾರಿಗಾಗಿ ಹಾಕಿಸಿದ್ದು, ರಬ್ಬರು ಕತ್ತರಿಸಿದ್ದು ಯಾರು, ಬೇವಿನ ನೆರಳಲ್ಲಿ ಸುಳ್ಳಾಡಿದ್ದು. ಗಂಡಸರ ಎದುರು ಅಷ್ಟುದ್ದ ಮಾತಾಡಿದ್ದು ಅದೇ ಮೊದಲು.

ನಿಮ್ಮ ಅಪ್ಪ ತಲೆ ತಗ್ಗಿಸಿದ. ಡ್ರೈವರ್ ರಬ್ಬರನ್ನು ಬೆಳಕಿಗೆ ಹಿಡಿದು ನೋಡಿದ.

“ಕತ್ತರಿ ಕೆಲಸ ಛಲೋ ಮಾಡೀರಿ ಅವ್ವಾರ” ಎಂದ. ನಗಲಿಲ್ಲ. “ಒಂದ ಮಾತ ಕೇಳಬೇಕಿತ್ರಿ ನನ್ನ.”

ಕೀಲಿಯನ್ನು ಅವನ ಮುಂದೆ ಹಿಡಿದೆ. ಅವನು ಕೈ ಹಿಂದೆ ಕಟ್ಟಿಕೊಂಡ.

“ಬ್ಯಾಡ್ರಿ. ಗಾಡಿ ಹೊಡಿತೀನಿ. ಕೀಲಿ ನಿಮ್ಮ ಕಡೀನ ಇರಲಿ.”

ಎಷ್ಟು ಹೇಳಿದರೂ ಅವನು ಇವತ್ತಿಗೂ ಅದನ್ನು ತೆಗೆದುಕೊಂಡಿಲ್ಲ. ಪೆಟ್ರೋಲ್ ಹಾಕಿಸುವಲ್ಲಿ ಕಾರು ನಿಲ್ಲಿಸಿ, ನಾನು ಮೊಣಕಾಲು ಹಿಡಿದುಕೊಂಡು ಇಳಿಯುವವರೆಗೆ ಮುಂದೆ ನೋಡುತ್ತ ಕುಳಿತಿರುತ್ತಾನೆ.