ಆಷಾಢದ ಚೈನು

ವರಾಂಡದಿಂದ ಸೀಮೆಎಣ್ಣೆ ಮತ್ತು ಗ್ರೀಸಿನ ವಾಸನೆ ಬರುತ್ತಿದೆ. ನಿಮಗೆ ಅದು ಬರೀ ವಾಸನೆ. ನನಗೆ ಅದು ಮೂಗಿಗೆ ಬಡಿದರೆ ಸಾಕು, ಮೈಯೆಲ್ಲ ಉರಿಯುತ್ತದೆ. ತಲೆ ನರೆಯಲು ಶುರುವಾದರೂ ಆ ಸಿಟ್ಟು ಇಳಿದಿಲ್ಲ.

ದೇವನಹಳ್ಳಿಗೆ ವಿಮಾನಗಳು ಬರತೊಡಗಿದ ಹೊಸದು. ಜಕ್ಕೂರಿನ ನಮ್ಮ ಹಳೇ ಮನೆಯಲ್ಲಿ ದೊಡ್ಡಮ್ಮ, ಅಂದರೆ ಅಪ್ಪನ ಅತ್ತಿಗೆ, ಹೇಳಿದ್ದೇ ಕಾನೂನು. ಅಪ್ಪನೂ ಅವರೆದುರು ಬಾಯಿ ಬಿಡುತ್ತಿರಲಿಲ್ಲ. ನನ್ನ ತಂಗಿ ಪಲ್ಲವಿ, ಯಾರೋ ಓಡಿಸಿ ಬಿಟ್ಟ ರೇಸ್ ಸೈಕಲ್ಲಿನಲ್ಲಿ ದಿನಾ ಬೆಳಿಗ್ಗೆ ಹೆಸರಘಟ್ಟಕ್ಕೆ ಹೋಗಿಬರುತ್ತಿದ್ದಳು. ಶ್ರಾವಣದಲ್ಲಿ ರಾಜ್ಯ ತಂಡದ ಆಯ್ಕೆಗೆ ರೇಸು. ಮನೆಯಲ್ಲಿ ಕನಸು ಅಂತ ಇದ್ದದ್ದು ಅವಳೊಬ್ಬಳಿಗೆ. ನನಗೆ ಇದ್ದದ್ದು ನಿದ್ದೆ.

ಸೈಕಲ್ಲಿನ ಚೈನು ಸವೆದು ಜೋತುಬಿದ್ದಿತ್ತು. ಹೊಸದು ತಂದೆವು. ಅಷ್ಟರಲ್ಲಿ ಆಷಾಢ ಹುಟ್ಟಿತ್ತು.

"ಆಸಾಡ್ದಾಗೆ ಯಾರಾನ ಒಸ ಸಾಮಾನು ಆಕ್ತಾರೇನ್ಲಾ? ಶ್ರಾವಣ ಬರ್ಲಿ" ಎಂದು ದೊಡ್ಡಮ್ಮ ಅದಕ್ಕೊಂದು ಕುಂಕುಮದ ಬೊಟ್ಟಿಟ್ಟು ದೇವರ ಕೋಣೆಯ ಮೊಳೆಗೆ ನೇತುಹಾಕಿದರು.

ಮದುವೆ, ಗೃಹಪ್ರವೇಶ ಬೇಡವೆಂದರೆ ಒಪ್ಪೋಣ. ಚೈನಿಗೂ ಆಷಾಢವೇ? ಅದೇ ತಿಂಗಳು ಮಿಕ್ಸಿಯ ಜಾರು ಒಡೆದಾಗ ಹೊಸದು ಮರುದಿನವೇ ಬಂತು. ಚಟ್ನಿಗೆ ಆಷಾಢವಿಲ್ಲ, ನೋಡಿ.

ತಿಂಗಳಿಡೀ ಪಲ್ಲವಿ ಸವೆದ ಚೈನಿನಲ್ಲೇ ತುಳಿದಳು. ಸವೆದ ಚೈನು ಸುಮ್ಮನಿರುವುದಿಲ್ಲ, ಹಿಂದಿನ ಚಕ್ರದ ಫ್ರೀವೀಲಿನ ಹಲ್ಲುಗಳನ್ನೂ ತಿಂದುಹಾಕುತ್ತದೆ. ಆಗ ನಮಗ್ಯಾರಿಗೂ ಅದು ತಿಳಿಯದು. ಶ್ರಾವಣ ಶುಕ್ರವಾರ ಪೂಜೆ ಮಾಡಿ ಹೊಸ ಚೈನು ಹಾಕಿಸಿದೆವು. ಮನೆಯ ಮುಂದಿನ ಸಮತಟ್ಟು ರಸ್ತೆಯಲ್ಲಿ ಚೆನ್ನಾಗಿಯೇ ಓಡಿತು. ಭಾನುವಾರದ ರೇಸಿನಲ್ಲಿ ಏರು ಬಂದಾಗ ಅವಳು ಎದ್ದು ನಿಂತು ಬಲವಾಗಿ ತುಳಿದಳು. ಹೊಸ ಚೈನು ಸವೆದ ಹಲ್ಲುಗಳ ಮೇಲೆ ಕೂರದೆ ಜಾರಿತು. ಪಲ್ಲವಿ ಬಿದ್ದಳು. ಹೆಗಲ ಮೂಳೆ ಮುರಿಯಿತು, ಆಯ್ಕೆಯೂ ಹೋಯಿತು. ಹಲ್ಲು ಸವೆದದ್ದನ್ನು ತೋರಿಸಿ ಕಾರಣ ಹೇಳಿದ್ದು ಅಲ್ಲಿದ್ದ ಸೈಕಲ್ ರಿಪೇರಿಯವನು.

ಆಸ್ಪತ್ರೆಗೆ ಬಂದ ದೊಡ್ಡಮ್ಮ, "ಎಣ್ಮಗೀಗೆ ಇಂಗೆ ಅಟ ಯಾಕ್ ಬೇಕಿತ್ತು? ನಾನ್ ಯೋಳಿರ್ಲಿಲ್ವಾ?" ಎಂದರು.

ಹೇಳಿದ್ದರು, ನಿಜ. ಶ್ರಾವಣ ಬರಲಿ ಎಂದು ಹೇಳಿದ್ದರು! ನಾನು ಕಿರುಚಾಡಿದೆ. ನರ್ಸು ನನ್ನನ್ನೇ ಹೊರಗೆ ಕಳಿಸಿದರು. ಪಲ್ಲವಿ ಮಾತ್ರ ಗೋಡೆ ನೋಡುತ್ತಾ ಮಲಗಿದ್ದಳು. ಮತ್ತೆ ಅವಳು ಸೈಕಲ್ಲು ಹತ್ತಲಿಲ್ಲ. ಬಂದ ನೆಂಟರಿಗೆಲ್ಲ ದೊಡ್ಡಮ್ಮ ಅವಳ ಹಠದ ಕತೆ ಹೇಳುತ್ತಲೇ ಬಂದರು. ಪಲ್ಲವಿ ಕಾಫಿ ಕೊಟ್ಟು ಒಳಗೆ ಹೋಗುತ್ತಿದ್ದಳು. ಎಲ್ಲ ಮರೆತಿದ್ದಾಳೆ ಅಂದುಕೊಂಡು ನನಗೆ ಅವಳ ಮೇಲೂ ಸಿಟ್ಟು.

ಇವತ್ತು ಎದ್ದು ವರಾಂಡಕ್ಕೆ ಬಂದರೆ ಅದೇ ಸೈಕಲ್ಲು ತಲೆಕೆಳಗಾಗಿ ನಿಂತಿದೆ. ಪಲ್ಲವಿಯ ಮೊಣಕೈವರೆಗೂ ಮಸಿ. ಪಕ್ಕದಲ್ಲಿ ಹೊಸ ಚೈನು, ಹೊಸ ಫ್ರೀವೀಲು. ಪೆಡಲಿನ ಹಲ್ಲುಚಕ್ರವೂ ಹೊಸದೇ. ದೊಡ್ಡಮ್ಮ ಕೋಲೂರಿಕೊಂಡು ಬಂದು ನೋಡಿದರು.

"ಅಯ್ಯೋ, ಆಸಾಡ ಕಣಮ್ಮೀ! ಇನ್ನೊಂದ್ ವಾರ ತಡ್ಕೊಳಾಕಾಗಕಿಲ್ವಾ?"

ಪಲ್ಲವಿ ತಲೆಯೆತ್ತಲಿಲ್ಲ. "ಗೊತ್ತು ದೊಡ್ಡಮ್ಮ. ಆಷಾಢ ಮುಗ್ದು ಶ್ರಾವಣ ಬಂದ್ಬಿಡುತ್ತೆ ಅಂತ್ಲೇ ಇವತ್ತು ಹಾಕ್ತಿದೀನಿ."

ಆ ತಣ್ಣಗಿನ ದನಿ ಕೇಳಿ, ನನ್ನ ಇಷ್ಟು ವರ್ಷದ ಕೂಗಾಟ ಮಕ್ಕಳಾಟ ಅನ್ನಿಸಿತು.

"ಅಣ್ಣ, ಚಕ್ರ ಹಿಡ್ಕೋ" ಎಂದಳು. ಬಾಯಿ ಮುಚ್ಚಿಕೊಂಡು ಹಿಡಿದುಕೊಂಡೆ.