ತೆರೆಮರೆಯಲ್ಲಿ ಓಡುವವರ ಪಟ್ಟಿ

ಯಲಹಂಕದ ಕಡೆಯ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುವುದು ನನ್ನ ಕೆಲಸ. ಪಾಠ ಮಾಡುವವನಲ್ಲ, ಯಂತ್ರಗಳ ಒಳಗಿನ ಕಸ ಗುಡಿಸುವವನು. ರಜೆ ಬಂತೆಂದರೆ ಒಂದೊಂದೇ ಕಂಪ್ಯೂಟರಿನ ಮುಂದೆ ಕೂತು, ವಿದ್ಯಾರ್ಥಿಗಳು ಕದ್ದುಮುಚ್ಚಿ ಹಾಕಿಕೊಂಡ ಆಟಗಳನ್ನು ಕಿತ್ತು ಹಾಕುತ್ತೇನೆ. ಆಟವನ್ನು ಕೀಳುವುದು ಕಷ್ಟವಲ್ಲ, ಅದರ ಹಿಂದೆ ಬಂದವರನ್ನು, ಅಂದರೆ ತೆರೆಮರೆಯಲ್ಲಿ ಓಡುವ ಪುಟ್ಟ ಪ್ರೋಗ್ರಾಮುಗಳನ್ನು, ಕಳಿಸುವುದು ಕಷ್ಟ. ಹೊಸ ಆವೃತ್ತಿ ಬಂತೇ ಎಂದು ಗಂಟೆಗೊಮ್ಮೆ ಇಣುಕಿ ನೋಡುವುದಕ್ಕೆ ಒಬ್ಬ. ಆಟ ಬೇಗ ಶುರುವಾಗಲಿ ಎಂದು ಬೆಳಗಿನಿಂದಲೇ ಬಾಗಿಲಲ್ಲಿ ಕಾಯುವುದಕ್ಕೆ ಇನ್ನೊಬ್ಬ. ನಾವು ಏನೇನು ಮಾಡಿದೆವೆಂದು ತನ್ನ ಧಣಿಗೆ ಚಾಡಿ ಹೇಳುವುದಕ್ಕೆ ಮತ್ತೊಬ್ಬ. ಇವರನ್ನೆಲ್ಲ ಯಾರೂ ಹೊರಗೆ ಹಾಕದ ಹಾಗೆ ಕಾಯುವುದಕ್ಕೆ ಮಗದೊಬ್ಬ! ಮದುವೆಗೆಂದು ಒಬ್ಬ ನೆಂಟನನ್ನು ಕರೆದರೆ, ಅವನ ಜೊತೆ ಬಂದ ನಾಲ್ವರು ಚಪ್ಪರ ಬಿಚ್ಚಿದ ಮೇಲೂ ನಡುಮನೆಯಲ್ಲೇ ಚಾಪೆ ಹಾಸಿಕೊಂಡ ಹಾಗೆ. ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದು ಅನ್ನುತ್ತಾರೆ. ಇವರಿಗೆ ಎಷ್ಟು ಮೆಮೊರಿ ಇದ್ದರೂ ಸಾಲದು. ಇವರನ್ನು ಕಂಡರೆ ನನಗೆ ಈ ವಯಸ್ಸಿನಲ್ಲೂ ಮೈ ಉರಿಯುತ್ತದೆ. ಲ್ಯಾಬಿನ ಹುಡುಗರು ಬೆನ್ನ ಹಿಂದೆ ನನ್ನನ್ನು ಏನೆಂದು ಕರೆಯುತ್ತಾರೆಂದು ಗೊತ್ತು, ಅದನ್ನು ಇಲ್ಲಿ ಬರೆಯುವುದಿಲ್ಲ.

ಈ ವಿದ್ಯೆಯನ್ನು ನನಗೆ ಕಲಿಸಿದ್ದು ಅಪ್ಪ. ಅಪ್ಪ ಜೀವಮಾನದಲ್ಲಿ ಒಂದು ದಿನವೂ ಕೀಬೋರ್ಡ್ ಮುಟ್ಟಿದವನಲ್ಲ.

ನಾವು ಬಾಗಲಗುಂಟೆಯವರು. ತಾತನ ರಾಗಿ ಹೊಲದ ಮೇಲೆ ಈಗ ಮೂರು ಅಡ್ಡರಸ್ತೆಗಳಿವೆ, ಅದರಲ್ಲಿ ಒಂದರ ಮೂಲೆಯಲ್ಲಿ ನಮ್ಮ ಮನೆ. ಅಪ್ಪ ಪೀಣ್ಯದ ಒಂದು ಫ್ಯಾಕ್ಟರಿಯಲ್ಲಿ ಯಂತ್ರ ರಿಪೇರಿ ಮಾಡುವ ಫಿಟ್ಟರ್ ಆಗಿದ್ದ. ತಗಡು ಒತ್ತಿ ಆಕಾರ ಕೊಡುವ ದೊಡ್ಡ ಪ್ರೆಸ್ಸುಗಳು ಸಾಲಾಗಿ ಧಡ್ ಧಡ್ ಎಂದು ಬಡಿಯುವ ಶೆಡ್ಡು ಅದು. ಆ ಗದ್ದಲದ ನಡುವೆ ನಿಂತು ಅಪ್ಪ ಉದ್ದದ ಸ್ಕ್ರೂಡ್ರೈವರಿನ ತುದಿಯನ್ನು ಯಂತ್ರದ ಮೈಗೆ ಆನಿಸಿ, ಮರದ ಹಿಡಿಯನ್ನು ಕಿವಿಗೆ ಒತ್ತಿಕೊಂಡು ಕಣ್ಣು ಮುಚ್ಚಿದರೆ, ಯಾವ ಬೇರಿಂಗು ಸವೆದಿದೆ, ಯಾವುದು ಇನ್ನೊಂದು ವಾರ ತಡೆಯುತ್ತದೆ ಎಂದು ಹೇಳಿಬಿಡುತ್ತಿದ್ದ. ಮನೆಯಲ್ಲೂ ಅದೇ ಚಾಳಿ. ನೀರಿನ ಮೋಟರು, ಅಮ್ಮನ ಹೊಲಿಗೆ ಮಿಷನ್ನು, ಪಕ್ಕದ ಮನೆಯವರ ಸ್ಕೂಟರು, ಒಂದನ್ನೂ ಬಿಟ್ಟವನಲ್ಲ. ಅಮ್ಮ ಅಡುಗೆಮನೆಯಿಂದ ಏನು ಗೊಣಗಿದರೂ ಹಜಾರದಲ್ಲಿ ಕೂತೇ ಉತ್ತರ ಕೊಡುತ್ತಿದ್ದ. ಅವಳು ಎಂದೂ ಅಪ್ಪನ ಎದುರು ನಿಂತು ಮಾತಾಡಿದವಳಲ್ಲ. ಅವಳ ಸಂಸಾರದ ಮಾತೆಲ್ಲ ಒಲೆಯ ಕಡೆ ಮುಖ ಮಾಡಿಯೇ ನಡೆದದ್ದು.

ನಾನು ಪಿಯುಸಿಗೆ ಸೇರಿದ ವರ್ಷ ಮನೆಗೆ ಕಂಪ್ಯೂಟರ್ ಬಂತು. ಅಮ್ಮ ಹಳೆಯ ಸೀರೆಯ ಅಂಚು ಹಚ್ಚಿ ಅದಕ್ಕೊಂದು ಹೊದಿಕೆ ಹೊಲಿದಳು. ಪರೀಕ್ಷೆ ಮುಗಿಯುವವರೆಗೆ ಆಟ ಆಡುವುದಿಲ್ಲ ಎಂದು ನಾನು ಅಪ್ಪನಿಗೆ ಮಾತು ಕೊಟ್ಟೆ. ಆ ಮಾತು ಎರಡು ತಿಂಗಳು ನಿಂತಿತು. ದಾಸರಹಳ್ಳಿಯಿಂದ ಬರುತ್ತಿದ್ದ ಸಹಪಾಠಿಯೊಬ್ಬ ಕಾರು ಓಡಿಸುವ ಆಟದ ಸಿಡಿ ಕೊಟ್ಟ. "ಸುಮ್ನೆ ನೆಕ್ಸ್ಟ್ ನೆಕ್ಸ್ಟ್ ಒತ್ತು ಗುರು, ಏನೂ ಓದ್ಬೇಡ" ಅಂದ. ನಾನೂ ಏನೂ ಓದದೆ ಒತ್ತಿದೆ. ಆಟ ಬಂತು. ಅದರ ಹಿಂದೆ ಪರದೆಯ ಮೂಲೆಯಲ್ಲಿ, ಗಡಿಯಾರದ ಪಕ್ಕ, ಸಾಸಿವೆಯಷ್ಟು ಗಾತ್ರದ ಐದಾರು ಚಿತ್ರಗಳೂ ಬಂದು ಕೂತವು. ಒಂದು ಯಾವುದೋ ಕಾಣದ ಊರಿನ ಹವಾಮಾನ ಹೇಳುತ್ತಿತ್ತು. ಅಲ್ಲಿ ಹಿಮ ಬೀಳುತ್ತಿದೆಯೆಂದು ಬಾಗಲಗುಂಟೆಯ ಬಿಸಿಲಲ್ಲಿ ಕೂತು ನಾನು ತಿಳಿದುಕೊಂಡೆ. ಅಪ್ಪ ಶಿಫ್ಟಿಗೆ ಹೋದಾಗ ಆಡುವುದು, ಸೈಕಲ್ ಸ್ಟ್ಯಾಂಡಿನ ಸದ್ದು ಕೇಳಿದ ಕೂಡಲೇ ಮುಚ್ಚುವುದು.

ಸಿಕ್ಕಿಬಿದ್ದದ್ದು ಆಯುಧಪೂಜೆಯ ದಿನ.

ಅಂದು ನಮ್ಮ ಮನೆಯಲ್ಲಿ ಯಾವ ಉಪಕರಣವನ್ನೂ ಮುಟ್ಟುವಂತಿಲ್ಲ. ಅಪ್ಪನ ಸ್ಪ್ಯಾನರು, ಸುತ್ತಿಗೆ, ಆ ಉದ್ದನೆಯ ಸ್ಕ್ರೂಡ್ರೈವರು ಎಲ್ಲವೂ ತೊಳೆಸಿಕೊಂಡು, ಕುಂಕುಮ ಇಡಿಸಿಕೊಂಡು ಮಣೆಯ ಮೇಲೆ ಮಲಗಿರುತ್ತಿದ್ದವು. ವರ್ಷವೆಲ್ಲ ದುಡಿದವಕ್ಕೆ ಒಂದು ದಿನ ವಿಶ್ರಾಂತಿ ಬೇಡವೇ ಎಂಬುದು ಅಪ್ಪನ ನ್ಯಾಯ. ಆ ಸಲ ಕಂಪ್ಯೂಟರಿಗೂ ಪೂಜೆ. ಆಟದ ಹೊಸ ರಸ್ತೆಗಳು ಬೆಳಗಿನಿಂದ ಡೌನ್‌ಲೋಡ್ ಆಗುತ್ತಿದ್ದವು, ನಿಲ್ಲಿಸಲು ಮನಸ್ಸು ಬರಲಿಲ್ಲ. ಪರದೆಯನ್ನಷ್ಟೇ ಆರಿಸಿ, ಹೊದಿಕೆ ತೆಗೆದು, ಸಿಪಿಯು ಡಬ್ಬಕ್ಕೆ ನಾನೇ ಭಕ್ತಿಯಿಂದ ಮೂರು ಬೆರಳಿನ ವಿಭೂತಿ ಬಳಿದೆ. ಅಮ್ಮ ಕುಂಕುಮ ಇಟ್ಟು ಸೇವಂತಿಗೆ ಏರಿಸಿದಳು.

ಅಪ್ಪ ಮಂಗಳಾರತಿ ಎತ್ತುತ್ತಾ ಬಂದವನು ಅದರ ಮುಂದೆ ನಿಂತುಬಿಟ್ಟ. ತಟ್ಟೆಯನ್ನು ಅಮ್ಮನ ಕೈಗೆ ಕೊಟ್ಟ. ಕೈ ತಾನಾಗಿಯೇ ಸ್ಕ್ರೂಡ್ರೈವರಿನ ಕಡೆ ಹೋಯಿತು. ಅದು ಪೂಜೆಗೆ ಕೂತಿದೆ ಎಂದು ನೆನಪಾಗಿ ಹಿಂದಕ್ಕೆ ಬಂತು. ಆಮೇಲೆ ಮಂಡಿಯೂರಿ ಕೂತು ಕಿವಿಯನ್ನೇ ಡಬ್ಬಕ್ಕೆ ಒತ್ತಿದ.

"ಇದು ಓಡ್ತೈತೆ ಕಣ್ಲಾ" ಅಂದ.

"ಇಲ್ಲಪ್ಪಾ, ಆಫ್ ಮಾಡಿದ್ದೀನಲ್ಲ."

"ಸುಮ್ನೆ ಕುಂತಿರೋ ಮಿಷನ್ನು ಇಂಗೆ ಉಸಿರು ಬಿಡಾಕಿಲ್ಲ. ಒಳಗೆ ಏನೋ ಕೆಲ್ಸ ನಡೀತೈತೆ. ಇವತ್ತು ಕೆಲ್ಸ ಮಾಡು ಅಂತ ಇದಕ್ಕೆ ಯಾರು ಏಳಿದ್ದು?"

ಅಪ್ಪನಿಗೆ ಆಟದ ವಿಷಯ ಗೊತ್ತೇ ಇರಲಿಲ್ಲ. ಕೇಳಿದ್ದು ಯಂತ್ರದ ಬಗ್ಗೆ ಮಾತ್ರ. ಆದರೆ ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಬಾಗಿಲಲ್ಲಿ ಒಡೆಯಲೆಂದು ಇಟ್ಟಿದ್ದ ಬೂದುಗುಂಬಳದ ಎದುರಿಗೇ ನಿಂತು ನಾನು ಸಿಡಿ, ಕಾರು, ಎರಡು ತಿಂಗಳ ಕಳ್ಳಾಟ ಎಲ್ಲವನ್ನೂ ಕಕ್ಕಿಬಿಟ್ಟೆ. ಅಪ್ಪ ತಲೆ ಎತ್ತಿ ನೋಡಿದ. ಅವನ ಕಿವಿಯ ತುಂಬ ಕುಂಕುಮ ಮೆತ್ತಿಕೊಂಡಿತ್ತು. ಹೆದರಿಕೆಯಲ್ಲೂ ನನಗೆ ನಗು ಬಂತು. ನನ್ನನ್ನು ನೋಡಿ ಅಮ್ಮ ನಕ್ಕಳು. ಅಪ್ಪ ಮಾತ್ರ ನಗದೆ ಕಾಯಿ ಒಡೆಯಲು ಹೋದ.

ಮಾರನೆಯ ದಿನ ಸಂಜೆ ಒಂದು ಹಳೆಯ ಡೈರಿ ಹಿಡಿದು ನನ್ನ ಪಕ್ಕ ಕುರ್ಚಿ ಎಳೆದುಕೊಂಡ. "ಒಳಗೆ ಯಾರ್ಯಾರು ಓಡ್ತಾವ್ರೆ, ಓದು" ಅಂದ. ಓಡುತ್ತಿರುವ ಪ್ರೋಗ್ರಾಮುಗಳ ಪಟ್ಟಿಯನ್ನು ಪರದೆಯ ಮೇಲೆ ತೆರೆದು ನಾನು ಓದಿದೆ. ಅಪ್ಪ ಅಡ್ಡಗೆರೆ ಉದ್ದಗೆರೆ ಎಳೆದು ನಾಲ್ಕು ಕಲಂ ಮಾಡಿದ. ಹೆಸರು. ಕೆಲಸ. ತಂದವರು ಯಾರು. ನಿಲ್ಲಿಸಬಹುದೇ. ಅವರ ಫ್ಯಾಕ್ಟರಿಯಲ್ಲಿ ಹೊಸ ಯಂತ್ರ ಬಂದಾಗ ಅನುಸರಿಸುತ್ತಿದ್ದ ಕ್ರಮವಂತೆ ಅದು. ಏನೆಂದು ಗೊತ್ತಿಲ್ಲದ ವೈರನ್ನು ಕತ್ತರಿಸಬಾರದು. ಮೊದಲು ಅದಕ್ಕೊಂದು ಚೀಟಿ ಕಟ್ಟಬೇಕು, ಅದು ಎಲ್ಲಿಂದ ಬಂತು, ಎಲ್ಲಿಗೆ ಹೋಗುತ್ತದೆ ಎಂದು ಹುಡುಕಬೇಕು. ಸಿಟ್ಟಿನಲ್ಲಿ ಕತ್ತರಿಸಿದವನ ಬೆರಳು ಹೋಗುತ್ತದೆ ಎನ್ನುತ್ತಿದ್ದ.

ಹತ್ತು ಹನ್ನೆರಡು ಸಂಜೆ ಹೀಗೆ ಕೂತೆವು. ನನ್ನ ಬದುಕಿನ ಅತಿ ಒಳ್ಳೆಯ ಸಂಜೆಗಳು ಯಾವುವೆಂದು ಕೇಳಿದರೆ ಇವತ್ತಿಗೂ ಅವನ್ನೇ ಹೇಳುತ್ತೇನೆ. ಅಮ್ಮ ಪೂಜೆಯಲ್ಲಿ ಉಳಿದ ಕಡ್ಲೆಪುರಿಗೆ ಈರುಳ್ಳಿ ಹೆಚ್ಚಿ ಹಾಕಿ ತಂದಿಡುತ್ತಿದ್ದಳು. ಅಪ್ಪ ಆ ಇಂಗ್ಲಿಷ್ ಹೆಸರುಗಳನ್ನೆಲ್ಲ ಕನ್ನಡದಲ್ಲಿ ಬರೆದುಕೊಂಡು ಹಾಜರಿ ಕೂಗುವವನಂತೆ ಕೂಗುತ್ತಿದ್ದ. "ಈ ಅಪ್‌ಡೇಟರ್ ಅನ್ನೋನು ಯಾವ ಶಿಫ್ಟ್‌ನೋನು?" ಎಂದು ಕೇಳುತ್ತಿದ್ದ. ಮೂರೂ ಶಿಫ್ಟಿನವನು ಎಂದರೆ, "ಅಂಗಾರೆ ಇವ್ನು ಕೆಲಸಗಾರ ಅಲ್ಲ, ಬೇವು" ಅನ್ನುತ್ತಿದ್ದ. ಬೇವು ಅಂದರೆ ಬೇಹುಗಾರ ಎಂದು ನನಗೆ ಅರ್ಥವಾಗಲು ಒಂದು ನಿಮಿಷ ಬೇಕಾಯಿತು. 'ತಂದವರು ಯಾರು' ಎಂಬ ಕಲಂ ಬಂದಾಗ ನನ್ನ ಮುಖ ನೋಡುತ್ತಿದ್ದ. ನಾನು "ನಾನೇ" ಅನ್ನಬೇಕು, ಅವನು ಬರೆದುಕೊಳ್ಳಬೇಕು. ಇಪ್ಪತ್ತಕ್ಕೂ ಹೆಚ್ಚು ಸಲ "ನಾನೇ" ಅಂದಿದ್ದೇನೆ. ಹೊಡೆದಿದ್ದರೆ ಅಷ್ಟು ನಾಟುತ್ತಿರಲಿಲ್ಲ. ಕೊನೆಗೆ ಅಪ್ಪ, "ಆಟ ಇರ್ಲಿ, ಪರೀಕ್ಷೆ ಆದ್ಮೇಲೆ ಆಡ್ಕೋ. ಅದ್ರ ಇಂದೆ ಬಂದೋರನ್ನ ಕಳ್ಸು" ಅಂದ. ನಾನು ಒಬ್ಬೊಬ್ಬರನ್ನಾಗಿ ಕಳಿಸಿದೆ, ಅಪ್ಪ ಡಬ್ಬಕ್ಕೆ ಸ್ಕ್ರೂಡ್ರೈವರ್ ಆನಿಸಿ ಕೇಳಿ, ಆಗ ತಲೆಯಾಡಿಸಿದ.

ಆ ಕಿವಿಯನ್ನು ಫ್ಯಾಕ್ಟರಿ ತಿಂದುಹಾಕಿತು. ಒಂದೇ ದಿನದಲ್ಲಿ ಅಲ್ಲ, ಅದಕ್ಕೇ ನಮಗೆ ತಿಳಿಯಲಿಲ್ಲ. ಅಪ್ಪ ನಿವೃತ್ತನಾದ. ಟಿವಿಯ ಸದ್ದು ಏರಿತು. ಕೇಳಿದ್ದಕ್ಕೆಲ್ಲ "ಊ, ಆಗ್ಲಿ" ಎನ್ನತೊಡಗಿದ. ಹೋದ ವರ್ಷ ಒಂದು ಭಾನುವಾರ ನನ್ನ ಲ್ಯಾಪ್‌ಟಾಪಿನಲ್ಲಿ ಮಗಳು ಯಾವುದೋ ಆಟ ಹಾಕಿಕೊಂಡಿದ್ದಳು. ಅದರ ಹಿಂಬಾಲಕರೆಲ್ಲ ಸೇರಿ ಯಂತ್ರವನ್ನು ಕಾಯಿಸಿ, ಒಳಗಿನ ಫ್ಯಾನು ಕಿರುಚುತ್ತಿತ್ತು. ನಾನು ಹಿತ್ತಲಿನಿಂದ ಕೇಳಿಸಿಕೊಂಡು ಓಡಿ ಬಂದೆ. ಅಪ್ಪ ಅದರಿಂದ ಒಂದು ಮೊಳ ದೂರದಲ್ಲಿ ಕೂತು ನೆಮ್ಮದಿಯಾಗಿ ಪೇಪರ್ ಓದುತ್ತಿದ್ದ. ನನಗೆ ಅಳು ಬಂತು. ಮುಖ ತೊಳೆಯುವ ನೆಪದಲ್ಲಿ ಬಚ್ಚಲಿಗೆ ಹೋದೆ.

ಆರ್.ಟಿ. ನಗರದ ಒಂದು ಕ್ಲಿನಿಕ್ಕಿನಲ್ಲಿ ಪರೀಕ್ಷೆ ಮಾಡಿಸಿ ಎರಡೂ ಕಿವಿಗೆ ಯಂತ್ರ ಹಾಕಿಸಿದೆವು. ಅಪ್ಪ ಎರಡು ದಿನ ಇಟ್ಟುಕೊಂಡು ಮೂರನೆಯ ದಿನ ಡಬ್ಬಿಗೆ ಹಾಕಿದ. "ಫ್ಯಾನು, ಫ್ರಿಜ್ಜು, ಪಕ್ಕದ್ಮನೆ ಮೋಟ್ರು, ಎಲ್ಲಾ ಒಟ್ಟಿಗೆ ತಲೆ ಒಳಕ್ಕೆ ನುಗ್ತವೆ. ಬೇಕಾದ್ದು ಮಾತ್ರ ಕೇಳಾಕಿಲ್ಲ" ಅಂದ. ಕ್ಲಿನಿಕ್ಕಿನವರು ಹೇಳಿದ್ದೂ ಅದನ್ನೇ. ಬೇಡದ ಸದ್ದನ್ನು ಬಿಟ್ಟುಬಿಡುವುದು ತಲೆಗೆ ಮರೆತುಹೋಗಿದೆ, ದಿನವೂ ಹಾಕಿಕೊಂಡು ಮತ್ತೆ ಕಲಿಯಬೇಕು ಎಂದಿದ್ದರು. ಅಪ್ಪ ಹಾಕಿಕೊಳ್ಳಲೇ ಒಪ್ಪಲಿಲ್ಲ. ಅಷ್ಟರಲ್ಲಿ ಅಮ್ಮ ಮಾತು ಬಿಟ್ಟಿದ್ದಳು. ಜಗಳವಾಡಿ ಅಲ್ಲ. ಊಟಕ್ಕೆ ಕೈಸನ್ನೆ, ಕಾಫಿಗೆ ಲೋಟ ಕುಟ್ಟುವುದು. ಗಂಡನಿಗೆ ಹೇಳಬೇಕಾದ್ದನ್ನು ಒಲೆಗೆ ಹೇಳಿಕೊಳ್ಳುತ್ತಿದ್ದಳು, ಹಜಾರದಿಂದ ಉತ್ತರ ಬರುತ್ತಿರಲಿಲ್ಲ. "ಗೋಡೆಗೆ ಏಳ್ದಂಗೆ ಆಯ್ತು ಬಿಡು, ನಂಗೂ ಸಾಕಾಗೈತೆ" ಎಂದು ಒಂದು ದಿನ ನನಗೆ ಹೇಳಿದಳು. ಆ ಸಿಟ್ಟಿನಲ್ಲಿ ನಾನು ಅಪ್ಪನ ಮೇಲೆ ಕೂಗಾಡಿದೆ. ಅವನಿಗೆ ನನ್ನ ಬಾಯಿ ಆಡಿದ್ದು ಕಂಡಿತೇ ಹೊರತು ಮಾತು ಕೇಳಿಸಲಿಲ್ಲ. ಹಾಗೆ ಕೂಗಿದ್ದಕ್ಕೆ ನನಗೆ ಇನ್ನೂ ನಾಚಿಕೆಯಿದೆ.

ಅಂದೇ ಅಟ್ಟ ಹತ್ತಿ ಆ ಡೈರಿ ಹುಡುಕಿದೆ. ಸಿಕ್ಕಿತು, ಕೊನೆಯಲ್ಲಿ ಒಂದಷ್ಟು ಖಾಲಿ ಹಾಳೆಗಳೂ ಇದ್ದವು. ಮುಂದಿನ ಭಾನುವಾರ ಬೆಳಿಗ್ಗೆ ಅದನ್ನು ಅಪ್ಪನ ತೊಡೆಯ ಮೇಲಿಟ್ಟು ಹೊಸ ಹಾಳೆಯಲ್ಲಿ ನಾಲ್ಕು ಕಲಂ ಎಳೆದೆ. ಕಿವಿಯಂತ್ರ ಮುಂದೆ ಹಿಡಿದೆ. ಅಪ್ಪ ಗೆರೆಗಳನ್ನು ನೋಡಿದ, ನನ್ನನ್ನು ನೋಡಿದ, ಯಂತ್ರ ಕಿವಿಗೆ ಏರಿಸಿಕೊಂಡ.

ನಾನು ಮೀಟರ್ ಬೋರ್ಡಿಗೆ ಹೋಗಿ ಇಡೀ ಮನೆಯ ಕರೆಂಟು ತೆಗೆದೆ. ಒಂದೊಂದನ್ನಾಗಿ ಶುರು ಮಾಡಿ, ಪ್ರತಿಯೊಂದು ಸದ್ದನ್ನೂ ಅವನಿಗೆ ಪರಿಚಯ ಮಾಡಿಸಿ, ಬೇಡದ್ದನ್ನು ನಿಲ್ಲಿಸುವುದು ನನ್ನ ಲೆಕ್ಕಾಚಾರ. ಫ್ರಿಜ್ಜು ನಿಂತಿತು. ಫ್ಯಾನು ನಿಂತಿತು. ಪಕ್ಕದ ಮನೆಯ ಮೋಟರೂ ಆಗ ಓಡುತ್ತಿರಲಿಲ್ಲ. ಬಂದು ಕೂತು, "ಈಗ ಎಲ್ಲಾ ಆಫ್ ಅಪ್ಪಾ. ಒಂದೊಂದೇ ಹಾಕ್ತೀನಿ, ಬರ್ಕೋ" ಅಂದೆ.

ಅಪ್ಪ ಕಣ್ಣು ಮುಚ್ಚಿದ್ದ. ಕೈ ಎತ್ತಿ ನನ್ನನ್ನು ತಡೆದ.

"ಒಂದು ಇನ್ನೂ ಓಡ್ತೈತೆ."

"ಮೈನ್ ಸ್ವಿಚ್ಚೇ ತೆಗ್ದಿದ್ದೀನಿ. ಏನೂ ಓಡ್ತಾ ಇಲ್ಲ."

"ಓಡ್ತೈತೆ ಕಣ್ಲಾ" ಅಂದವನೇ ಎದ್ದ. ಗೋಡೆ ಹಿಡಿದುಕೊಂಡು, ನಿಂತು ನಿಂತು ಕೇಳಿಸಿಕೊಳ್ಳುತ್ತಾ ಹೋದ. ನಾನು ಹಿಂದೆ ಹೋದೆ. ಅಡುಗೆಮನೆಯ ಬಾಗಿಲಲ್ಲಿ ಅಪ್ಪ ನಿಂತ.

ಅಮ್ಮ ಬೆನ್ನು ಹಾಕಿ ನಿಂತು, ನಿಂತುಹೋದ ಮಿಕ್ಸಿಯ ಎದುರು ಗೊಣಗುತ್ತಿದ್ದಳು. "ಅಪ್ಪ ಮಗ ಸೇರ್ಕೊಂಡು ಮನೆ ಕರೆಂಟೆಲ್ಲಾ ತೆಗ್ದು ಕುಂತವ್ರೆ. ಕಾಯಿ ಅರ್ಧಕ್ಕೇ ನಿಂತೈತೆ. ಯಾರಿಗ್ ಏಳೋದು? ಏಳುದ್ರೆ ಯಾರಿಗ್ ಕೇಳ್ತೈತೆ?"

"ಒರಳಲ್ಲಿ ರುಬ್ಬಿಕೊಡ್ಲಾ?" ಅಂದ ಅಪ್ಪ.

ಅಮ್ಮ ತಿರುಗಲಿಲ್ಲ. ಅವಳ ಕೈ ಮಿಕ್ಸಿಯ ಮುಚ್ಚಳದ ಮೇಲೆಯೇ ನಿಂತಿತು. ಒಲೆಯ ಕಡೆಗೇ ಮುಖ ಮಾಡಿ, ಸೆರಗಿನಿಂದ ಕಣ್ಣು ಒರೆಸಿಕೊಂಡು, "ಏನೂ ಬ್ಯಾಡ, ಕರೆಂಟ್ ಆಕ್ಸಿ ಸಾಕು" ಅಂದಳು. ಧ್ವನಿ ಏರಿಸಲಿಲ್ಲ. ಎಂದಿನ ಗೊಣಗಿನಲ್ಲೇ ಹೇಳಿದಳು.

"ಆಕ್ಸ್ತೀನಿ" ಅಂದ ಅಪ್ಪ.

ಹಜಾರಕ್ಕೆ ಬಂದು ಡೈರಿ ಎತ್ತಿಕೊಂಡು ಮೊದಲ ಸಾಲು ಬರೆದ. ಅಕ್ಷರ ಹಳೆಯದೇ. ಹೆಸರು ಎಂಬಲ್ಲಿ, ಅಡುಗೆಮನೆ ಗೊಣಗಾಟ. ಕೆಲಸ ಎಂಬಲ್ಲಿ, ಮೂರೂ ಶಿಫ್ಟು. ತಂದವರು ಯಾರು ಎಂಬಲ್ಲಿ ನನ್ನ ಮುಖ ನೋಡಿ, ಈ ಸಲ ತನ್ನ ಎದೆ ಮುಟ್ಟಿ ತೋರಿಸಿ, ನಾನೇ ಎಂದು ಬರೆದ. ನಿಲ್ಲಿಸಬಹುದೇ ಎಂಬಲ್ಲಿ, ಬೇಡ ಎಂದು ಬರೆದು ಅದರ ಕೆಳಗೆ ಎರಡು ಗೆರೆ ಎಳೆದ.